ಒಂದು ಮೊಳ ಎಲ್ಲಿ ಹೋಯ್ತು?

ಮೂರು ವಾರ ತಲೆ ತಿಂದ 5 ಮಿಲಿಮೀಟರ್ ಕೊನೆಗೂ ಸಿಕ್ಕಿತು!

ಬೈಬಲಿನ ಪ್ರವಾದಿ ಯೆಹೆಜ್ಕೇಲ ದರ್ಶನದಲ್ಲಿ ಕಂಡ ದೇವಾಲಯದ ಪುಟ್ಟ ಮಾದರಿ ಮಾಡ್ತಿದ್ದೇನೆ, ಒಂದು ಮೊಳಕ್ಕೆ 5 ಮಿ.ಮೀ. ಲೆಕ್ಕ. ಇದು ಹಬ್ಬದ ದಿನ ಕುಗ್ಗುವ ಹೂವಿನಂಗಡಿ ಮೊಳ ಅಲ್ಲ. ಮಾಮೂಲಿ ಮೊಳಕ್ಕಿಂತ ಒಂದು ಹಿಡಿ ಜಾಸ್ತಿ, ಸುಮಾರು 52 ಸೆಂ.ಮೀ. ಕತ್ತರಿಸಿದ್ದು, ಉಜ್ಜಿದ್ದು ನಿಮಗೆ ಗೊತ್ತಿರೋದೇ, ಬಿಡಿ.

ಯೆಹೆಜ್ಕೇಲನ ಪುಸ್ತಕದ 41ನೇ ಅಧ್ಯಾಯದಲ್ಲಿ ಆಲಯದ ಉದ್ದ 100 ಮೊಳ. ಅದನ್ನು ನಂಬಿ ತಳದ ಹಲಗೆ 50 ಸೆಂ.ಮೀ. ಮಾಡಿದೆ. ಮುಂದಿನಿಂದ ಜೋಡಿಸುತ್ತಾ ಬಂದರೆ ಹಿಂದುಗಡೆ ಸಂದು. ಅನುಮಾನ ನೇರ ಅಂಗಡಿಯವನ ಮೇಲೆ. 5 ಮಿ.ಮೀ. ಅಂತ ಕೊಟ್ಟ ಫೋಮ್ ಬೋರ್ಡ್ ಕ್ಯಾಲಿಪರ್‌ಗೆ 4.6 ತೋರಿಸುತ್ತಿತ್ತು. ಕೇಳಿದರೆ "ಎಲ್ಲಾ ಕಡೆ ಇಷ್ಟೇ ಸಾರ್". ಬೈದುಕೊಂಡು ಬೇರೆ ತಂದು ಎಲ್ಲ ಹೊಸದಾಗಿ ಕತ್ತರಿಸಿದೆ. ಸಂದು ಚಿಕ್ಕದಾಯಿತು, ಮುಚ್ಚಲಿಲ್ಲ. ಸರಿಯಾಗಿ 5 ಮಿ.ಮೀ.!

ಆಮೇಲೆ ಪೆನ್ಸಿಲ್ ಹಿಡಿದೆ. ಮಂಟಪದ ಕಂಬ 5, ಮಂಟಪ 11, ಒಳಕಂಬ 6, ಪವಿತ್ರಸ್ಥಾನ 40, ಮುಂದಿನ ಕಂಬ 2, ಮಹಾಪವಿತ್ರಸ್ಥಾನ 20, ಗೋಡೆ 6, ಪಕ್ಕದ ಕೋಣೆ 4, ಹೊರಗೋಡೆ 5. ಒಟ್ಟು 99. ಪಾಪ, ಅಂಗಡಿಯವನ ತಪ್ಪು ಅರ್ಧ ಮಾತ್ರ. ಹೀಬ್ರೂ ಪಾಠದಲ್ಲಿ ಮಂಟಪ 11 ಮೊಳ, ಹಳೆಯ ಗ್ರೀಕ್ ಅನುವಾದದಲ್ಲಿ 12. ಗ್ರೀಕ್ ಹಿಡಿದರೆ 100 ಕೂಡಿಬರುತ್ತದೆ.

ಒಂದು ಮೊಳಕ್ಕೆ ಇಷ್ಟು ಗಲಾಟೆ ಯಾಕೆ ಅಂತೀರಾ? ಒಳಂಗಳ 100ಕ್ಕೆ 100. ಆಲಯವೂ 100 ಆಗದಿದ್ದರೆ ಆ ಚೌಕದ ಲೆಕ್ಕವೇ ಕೆಡುತ್ತದೆ. ಇಲ್ಲಿ ಅಳತೆ ಅಂದರೆ ಗಡಿ. ಇಸ್ರಾಯೇಲಿನ ರಾಜರು ತಮ್ಮ ಹೊಸ್ತಿಲನ್ನು ದೇವರ ಹೊಸ್ತಿಲಿಗೆ ಅಂಟಿಸಿ, ನಡುವೆ ಒಂದು ಗೋಡೆ ಮಾತ್ರ ಬಿಟ್ಟಿದ್ದರು ಅನ್ನೋದು 43ನೇ ಅಧ್ಯಾಯದ ದೂರು. ಅದಕ್ಕೇ ಇಷ್ಟು ಅಂಗಳ, ಇಷ್ಟು ಗೋಡೆ. ಆಲಯದ ಎತ್ತರ ಮಾತ್ರ ಎಲ್ಲೂ ಹೇಳಿಲ್ಲ, ನಾನು ಸುಮ್ನೆ ಅಂದಾಜಲ್ಲಿ ಏರಿಸಿದ್ದೇನೆ.

ಬಾಗಿಲು ಕೂರಿಸುವಾಗ ಇನ್ನೊಂದು ಕಣ್ಣಿಗೆ ಬಿತ್ತು: ಒಳಗೆ ಹೋದಂತೆ ಬಾಗಿಲಿನ ಅಗಲ ಕಿರಿದಾಗುತ್ತದೆ. ಮಂಟಪದ್ದು 14 ಮೊಳ (ಇದೂ ಗ್ರೀಕ್ ಪಾಠದ ಕೃಪೆ), ನಂತರದ್ದು 10, ಕೊನೆಯದು, ಅಂದರೆ ಮಹಾಪವಿತ್ರಸ್ಥಾನದ್ದು, 6. ಮಾದರಿಯಲ್ಲಿ ಕೊನೆಯದು 3 ಸೆಂ.ಮೀ., ಎರಡು ಬೆರಳು ತೂರಿಸೋದೇ ಕಷ್ಟ. ಯೆಹೆಜ್ಕೇಲ ಯಾಜಕನಾದರೂ ಅಲ್ಲೇ ನಿಂತ. ದರ್ಶನದಲ್ಲಿ ಅವನಿಗೆ ಆಲಯ ತೋರಿಸುತ್ತಿದ್ದ ಅಳತೆಗೋಲಿನವನು ಒಬ್ಬನೇ ಒಳಗೆ ಹೋಗಿ ಅಳೆದ.

ಮುಂದಿನದು 47ನೇ ಅಧ್ಯಾಯದಲ್ಲಿ ಆಲಯದಿಂದ ಹರಿಯುವ ಹೊಳೆ, ರೆಸಿನ್‌ನಲ್ಲಿ (ಗಟ್ಟಿಯಾದ ಮೇಲೆ ನೀರಿನಂತೆ ಕಾಣುವ ದ್ರವ). ಸಾವಿರ ಮೊಳಕ್ಕೊಮ್ಮೆ ಅಳೆದಂತೆ ನೀರು ಹರಡಿಗೆ, ಮೊಣಕಾಲಿಗೆ, ಸೊಂಟಕ್ಕೆ, ನಾಲ್ಕನೇ ಸಲಕ್ಕೆ ಈಜಬೇಕು. ಇದೇ ಸ್ಕೇಲಿನಲ್ಲಿ 20 ಮೀಟರ್ ಆಗುತ್ತದೆ. ನಮ್ಮ ಮನೆಯ ಪಡಸಾಲೆ 6 ಮೀಟರ್. ಮನೆಯಲ್ಲಿ ಇನ್ನೂ ಹೇಳಿಲ್ಲ.