‘ಅದು ಕೊಡೋ’ ಅಂದರೆ ಯಾವುದು ಕೊಡಬೇಕು?

ಮೆಂಟೆನೆನ್ಸ್ ಕೆಲಸದಲ್ಲಿ ಎಲ್ಲಕ್ಕಿಂತ ಹೆಚ್ಚು ಕೇಳಿಬರುವ ಪಾರ್ಟಿನ ಹೆಸರು ‘ಅದು’. ಹೆಸರು ನಾಲಿಗೆ ತುದಿಯಲ್ಲೇ ಇರುತ್ತದೆ, ಬಾಯಿಗೆ ಬರುವುದಿಲ್ಲ. ಆಗ ಶುರು: ‘ಅದೇ ಕಣೋ’, ‘ಎಂಥದೋ ಅಂತಾರಲ್ಲ’, ‘ಮೊನ್ನೆ ಹಾಕಿದ್ವಲ್ಲ, ಆ ಸಾಮಾನು’. ಇಬ್ಬರೂ ಒಂದೇ ಮೆಷಿನ್ ಮುಂದೆ ಕೂತಿದ್ದರೆ ಇದರಿಂದ ನಷ್ಟವಿಲ್ಲ, ಬೆರಳು ತೋರಿಸಿದರೆ ಸಾಕು. ಎಡವಟ್ಟಾಗುವುದು ಫೋನಿನಲ್ಲಿ, ಶಿಫ್ಟ್ ಬದಲಾಗುವಾಗ, ಸ್ಟೋರಿಗೆ ಚೀಟಿ ಬರೆಯುವಾಗ.

‘ಮೋಟರಿಗೆ ಹಾಕ್ತೀವಲ್ಲ, ಗುಂಡಗಿರೋದು’ ಅಂದರೆ ತಿರುಗುವ ದಂಡವನ್ನು (ಶಾಫ್ಟ್) ಹೊರುವ ಬೇರಿಂಗೂ ಆಗಬಹುದು, ಎಣ್ಣೆ ಸೋರದಂತೆ ತಡೆಯುವ ಆಯಿಲ್ ಸೀಲೂ ಆಗಬಹುದು, ಪಾರ್ಟು ಜಾರದಂತೆ ಹಿಡಿಯುವ ಸರ್ಕ್ಲಿಪ್ಪೂ ಆಗಬಹುದು. ಹೆಸರು ಮರೆತರೆ ಎಲ್ಲಿ ಕೂರುತ್ತದೆ, ಏನು ಕೆಲಸ ಮಾಡುತ್ತದೆ, ಅಳತೆ ಎಷ್ಟು, ಈ ಮೂರು ಹೇಳಿ. ಮೈಮೇಲೆ ನಂಬರ್ ಇದ್ದರೆ ಒರೆಸಿ ಓದಿ, ಮತ್ತೇನೂ ಬೇಡ. 6204 ಬೇರಿಂಗ್ ಅಂದರೆ ಒಳವ್ಯಾಸ 20, ಹೊರವ್ಯಾಸ 47, ದಪ್ಪ 14 ಮಿ.ಮೀ. ‘ಶಾಫ್ಟ್ 20’ ಅಂತಷ್ಟೇ ಹೇಳಿ ಕಳಿಸಿದರೆ 6304 ಬರಬಹುದು. ಅದು ಶಾಫ್ಟಿಗೆ ಕೂರುತ್ತದೆ, ಹೊರವ್ಯಾಸ 52 ಇರುವುದರಿಂದ ಹೌಸಿಂಗಿಗೆ, ಅಂದರೆ ಬೇರಿಂಗ್ ಕೂರುವ ಗೂಡಿಗೆ, ಹೋಗುವುದಿಲ್ಲ. ಆಯಿಲ್ ಸೀಲಿಗೂ ಅಷ್ಟೇ: ಶಾಫ್ಟ್, ಹೊರವ್ಯಾಸ, ದಪ್ಪ, ಇದೇ ಕ್ರಮದಲ್ಲಿ 35-52-7. ಬೋಲ್ಟಾದರೆ ಎಂ10 (10 ಮಿ.ಮೀ. ವ್ಯಾಸದ್ದು) ಅಂದರೆ ಸಾಲದು, ಪಿಚ್ (ಥ್ರೆಡ್ಡಿನ ಒಂದು ಎಳೆಯಿಂದ ಮುಂದಿನ ಎಳೆಗಿರುವ ಅಂತರ) 1.5 ಅಥವಾ 1.25 ಅಂತ ಸೇರಿಸಿ. ತಪ್ಪು ಪಿಚ್ಚಿನದು ಒಂದೆರಡು ಸುತ್ತು ಹೋಗಿ ಹಿಡಿಯುತ್ತದೆ. ಸ್ಪ್ಯಾನರ್ ಹಾಕಿ ಜಗ್ಗಿದರೆ ಥ್ರೆಡ್ ಹೋಯಿತು.

ಸಾಮಾನಿನ ಹೆಸರು ಮರೆಯುವುದನ್ನಾದರೂ ಸಹಿಸಬಹುದು. ಕೆಲಸದ ಹೆಸರೇ ಮರೆತಾಗ ನಾವು ‘ಅದನ್ನ ಸ್ವಲ್ಪ ಅದು ಮಾಡು’ ಅಂತೀವಿ. ಆ ನಟ್ಟನ್ನು ಬಿಗಿ ಮಾಡಬೇಕೋ, ಸಡಿಲಿಸಬೇಕೋ? ಕೇಳಿಸಿಕೊಂಡವರು ‘ಏನು?’ ಅಂದರೆ ಅದೇ ಮಾತು ಇನ್ನೂ ಜೋರಾಗಿ ಬರುತ್ತದೆ, ಅಷ್ಟೇ. ‘ಬಿಗಿ ಮಾಡ್ಲಾ, ಸಡಿಲ ಮಾಡ್ಲಾ?’ ಅಂತ ಎರಡನ್ನೂ ಮುಂದಿಡಿ. ಹೆಸರು ನೆನಪಾಗದವರಿಗೂ ಆರಿಸುವುದು ಸುಲಭ.

ಕರೆಂಟಿನ ಕೆಲಸದಲ್ಲಿ ಮಾತ್ರ ‘ಅದು ಆಫ್ ಮಾಡಿದೀನಿ’ ಅನ್ನುವ ಮಾತನ್ನು ಒಪ್ಪಲೇಬೇಡಿ. ಸ್ಟಾಪ್ ಬಟನ್ ಒತ್ತಿದ್ದರೆ ಕಾಂಟ್ಯಾಕ್ಟರ್, ಅಂದರೆ ಮೋಟರಿಗೆ ಸಪ್ಲೈ ಕೊಡುವ ಸ್ವಿಚ್ಚು, ಬಿಡುತ್ತದೆ, ಅದರ ಇನ್‌ಕಮಿಂಗ್ ಟರ್ಮಿನಲ್ಲಿನಲ್ಲಿ ಸಪ್ಲೈ ಹಾಗೇ ಇರುತ್ತದೆ. ಸಪ್ಲೈಯನ್ನೇ ಪೂರ್ತಿ ಕಡಿಯುವ ಐಸೊಲೇಟರ್ ಸ್ವಿಚ್ಚನ್ನು ಆಫ್ ಮಾಡಿ, ಅದರ ಹೆಸರನ್ನು ಪ್ಯಾನೆಲ್ ಮೇಲೆ ಬರೆದಿರುವಂತೆಯೇ ಟ್ಯಾಗಿಗೆ ಇಳಿಸಿ, ಬೀಗ ಹಾಕಿ, ಟೆಸ್ಟರಿನಲ್ಲಿ ನೋಡಿಯೇ ಕೈ ಹಾಕಿ.