ಬಿಬಿಸಿ ಮೈಕ್ರೋ ಮರುಟೈಪು: ಡೇಟಾ ಸಾಲುಗಳ ತಪ್ಪು ಹಿಡಿಯುವ ಲೆಕ್ಕ

1984ರ ಕ್ಲಾಸ್ ಎಂಬ ಕಂಪ್ಯೂಟರ್ ಶಿಕ್ಷಣ ಯೋಜನೆಯಲ್ಲಿ ನಮ್ಮ ದೇಶದ ಶಾಲೆಗಳಿಗೆ ಬಂದ ಕಂಪ್ಯೂಟರ್ ಬಿಬಿಸಿ ಮೈಕ್ರೋ. ಹಾಳೆಯಲ್ಲಿ ಅಚ್ಚಾದ ಅದರ ಪ್ರೋಗ್ರಾಂಗಳನ್ನು ಎಮ್ಯುಲೇಟರಿಗೆ (ಹಳೆಯ ಯಂತ್ರದಂತೆಯೇ ನಡೆಯುವ ಇಂದಿನ ಸಾಫ್ಟ್‌ವೇರಿಗೆ) ಟೈಪು ಮಾಡುವ ಕೆಲಸದಲ್ಲಿ ಬೇಸಿಕ್ ಭಾಷೆಯ ಆದೇಶಗಳ ಭಾಗ ಮುಗಿದಿದೆ. ಅಲ್ಲಿನ ತಪ್ಪುಗಳನ್ನು ಹೆಚ್ಚಾಗಿ ಯಂತ್ರವೇ ಸಾಲಿನ ಸಂಖ್ಯೆ ಸಮೇತ ತೋರಿಸುತ್ತದೆ. ತೋರಿಸದ ತಪ್ಪೂ ಉಂಟು: 420ರ ಬದಲು 410 ಹೊಡೆದರೆ ಮೊದಲಿದ್ದ 410 ಸದ್ದಿಲ್ಲದೆ ಅಳಿಯುತ್ತದೆ. ಸಾಲುಗಳ ನಡುವೆ ಹತ್ತರ ಅಂತರವಿದ್ದರೆ ಸಂಖ್ಯೆಯನ್ನು ತಾನೇ ಹಾಕುವ ಆಟೋ ಆದೇಶ ಬಳಸಿ.

ನಿಜವಾದ ಕಷ್ಟ ಬರೀ ಸಂಖ್ಯೆಗಳಿರುವ ಡೇಟಾ ಸಾಲುಗಳದ್ದು. ಉದಾಹರಣೆಗೆ 169, 7, 32, 238, 255, 96. ಬೀಪ್ ಸದ್ದು ಮಾಡುವ ಸಣ್ಣ ಯಂತ್ರಭಾಷೆ ಇದು: 32 ಎಂದರೆ ಕರೆಯ ಆದೇಶ, ಅದರ ಮುಂದಿನ ಎರಡು ಸಂಖ್ಯೆಗಳು ಕರೆ ಹೋಗಬೇಕಾದ ಅಡ್ರೆಸ್. ಮೊತ್ತ 797. ಇಂಥ ಮೊತ್ತವನ್ನು ಎಷ್ಟೋ ಪ್ರೋಗ್ರಾಂಗಳು ತಾವೇ ಪರೀಕ್ಷಿಸುತ್ತವೆ. ಆದರೆ 238, 255 ಅದಲುಬದಲಾದರೂ ಮೊತ್ತ 797 ಆಗಿಯೇ ಉಳಿಯುತ್ತದೆ, ಪ್ರೋಗ್ರಾಂ ಮಾತ್ರ ಎಲ್ಲಿಗೋ ಜಿಗಿಯುತ್ತದೆ.

ಅದಕ್ಕೇ ತೂಕದ ಮೊತ್ತ: ಮೊದಲನೆಯದನ್ನು 1ರಿಂದ, ಎರಡನೆಯದನ್ನು 2ರಿಂದ, ಹೀಗೆ ಗುಣಿಸಿ ಕೂಡಿಸಬೇಕು. ಸರಿಯಾದ ಸಾಲಿಗೆ 3082, ಅದಲುಬದಲಾದದ್ದಕ್ಕೆ 3065. ವ್ಯತ್ಯಾಸ 17, ಅಂದರೆ 255ರಲ್ಲಿ 238 ಕಳೆದಷ್ಟು. ಸಾಲಿನಲ್ಲಿ 17ರ ಅಂತರವಿರುವ ಅಕ್ಕಪಕ್ಕದ ಜೋಡಿ ಹುಡುಕಿದರೆ ಸಾಕು.

ಒಬ್ಬರು ಮಡಿಕೇರಿಯಲ್ಲಿ, ಒಬ್ಬರು ವಿರಾಜಪೇಟೆಯಲ್ಲಿ ಬೇರೆಬೇರೆಯಾಗಿ ಟೈಪು ಮಾಡಿ ಸಾಲಿಗೆ ಎರಡೇ ಮೊತ್ತ ತಾಳೆ ನೋಡುವುದು ನಮ್ಮ ಪದ್ಧತಿ. ಮಳೆಗೆ ಇಂಟರ್‌ನೆಟ್ ಹೋದರೂ ಎಸ್ಸೆಮ್ಮೆಸ್ಸಿನಲ್ಲಿ ಕೆಲಸ ಸಾಗುತ್ತದೆ. ಒಂದೇ ಅಂಕಿ ತಪ್ಪಿದ್ದರೆ ತೂಕದ ವ್ಯತ್ಯಾಸವನ್ನು ಸಾದಾ ವ್ಯತ್ಯಾಸದಿಂದ ಭಾಗಿಸಿ; ಬರುವುದೇ ಸ್ಥಾನ. 238 ಹೋಗಿ 233 ಆದರೆ 20ನ್ನು 5ರಿಂದ ಭಾಗಿಸಿ 4, ನಾಲ್ಕನೆಯದು. ಇದು ಬಹಳ ಸಮಯ ಉಳಿಸುವ ಲೆಕ್ಕ.

ಬೂಷ್ಟು ಹಿಡಿದ ಹಾಳೆಯಲ್ಲಿ 8 ಮಾಸಿ 3ರಂತೆ ಕಂಡರೆ ಇಬ್ಬರೂ 233 ಎಂದೇ ಓದುತ್ತಾರೆ, ತಾಳೆ ಸರಿಬರುತ್ತದೆ. ಬೀಪ್ ಕೂಡ ಕೇಳಿಸುತ್ತದೆ! ಕರೆ ಬೇರೆ ಅಡ್ರೆಸ್ಸಿಗೆ ಬಿದ್ದು ಕರ್ಸರ್ ಸಾಲಿನ ಆರಂಭಕ್ಕೆ ಹಾರುತ್ತದೆ, ಅಷ್ಟೆ. ಅಲ್ಲಿ ಹಾಳೆಯಲ್ಲೇ ಅಚ್ಚಾದ ಮೊತ್ತ 797 ಕೈಹಿಡಿಯುತ್ತದೆ: ನಮ್ಮದು 792. ಐದರ ಕೊರತೆ ಎಂದರೆ ಬಿಡಿಸ್ಥಾನದ 8 ಮೊದಲ ಅನುಮಾನ. 50 ಆದರೆ ಹತ್ತರ ಸ್ಥಾನದ್ದು.

ಅಚ್ಚಿನ ಮೊತ್ತವೇ ಮಾಸಿದ ಹಾಳೆಗಳು ಬಾಕಿ ಇವೆ. ಅಲ್ಲಿ ಪ್ರತಿ 32ರ ಮುಂದಿನ ಎರಡು ಸಂಖ್ಯೆಗಳನ್ನು ಆಪರೇಟಿಂಗ್ ಸಿಸ್ಟಮ್ಮಿನ ಅಡ್ರೆಸ್ ಪಟ್ಟಿಯೊಂದಿಗೆ ಹೋಲಿಸುತ್ತಿದ್ದೇವೆ.