‘ಪವರ್‌ಫುಲ್ ಆಗಿ ಬರೆಯೋದು ಹೇಗೆ?’ ಕೇಳಿದವರಿಗೆಲ್ಲ ಒಂದೇ ಉತ್ತರ

ಮದುವೆ ಊಟದ ಸಾಲಿನಲ್ಲಿ ಕೇಳುತ್ತಾರೆ. ಮಡಿಕೇರಿ ಬಸ್ ನಿಲ್ದಾಣದಲ್ಲಿ ಕೇಳುತ್ತಾರೆ. ರಾತ್ರಿ ಹನ್ನೊಂದು ಗಂಟೆಗೆ ವಾಟ್ಸಾಪ್‌ನಲ್ಲಿ ಕೇಳುತ್ತಾರೆ. “ಪವರ್‌ಫುಲ್ ಆಗಿ ಬರೆಯೋದು ಹೇಗೆ? ಒಂದೆರಡು ಟಿಪ್ಸ್ ಕೊಡಿ.” ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ಟಿಪ್ಸ್ ನನ್ನ ಹತ್ತಿರ ಇಲ್ಲ. ಅದಕ್ಕಿಂತ ಜಾಸ್ತಿ ಸಿಟ್ಟು ಬರುವುದು ಇನ್ನೊಂದು ಮಾತಿಗೆ. “ನಿಮಗೇನು ಬಿಡಿ, ಕೊಡಗಿನವರು. ಮಂಜು, ಮಳೆ, ಕಾಫಿ ಹೂ. ಕಿಟಕಿ ತೆಗೆದು ಕೂತರೆ ಬರವಣಿಗೆ ತಾನಾಗಿ ಬರುತ್ತೆ ಅಲ್ವಾ?” ಬರುವುದಿಲ್ಲ. ಜುಲೈ ತಿಂಗಳಲ್ಲಿ ಕಿಟಕಿ ತೆಗೆದರೆ ಒಳಗೆ ಬರುವುದು ಎರಚಲು. ಕಾಗದ ಮೆತ್ತಗಾಗುತ್ತದೆ, ಕರೆಂಟ್ ಹೋದರೆ ಯಾವಾಗ ಬರುತ್ತದೋ ಗೊತ್ತಿಲ್ಲ. ಇದೇ ಮಳೆಯಲ್ಲಿ ಇದ್ದವರು ಕಥೆಗಾರ್ತಿ ಕೊಡಗಿನ ಗೌರಮ್ಮ. ಹುಟ್ಟಿದ್ದು 1912ರಲ್ಲಿ. 1939ರಲ್ಲಿ ಹೊಳೆಯಲ್ಲಿ ಮುಳುಗಿ ತೀರಿಕೊಂಡರು. ಇಪ್ಪತ್ತೇಳು ವರ್ಷ ಅಷ್ಟೇ. ಅವರ ಕಥೆಗಳನ್ನು ಮಂಜಿಗಾಗಿ ಯಾರೂ ಓದುವುದಿಲ್ಲ. ಮನೆಯೊಳಗೆ ಬೇಯುತ್ತಿದ್ದ ಹೆಣ್ಣುಮಕ್ಕಳಿಗಾಗಿ ಓದುತ್ತಾರೆ.

ನನಗೆ ಬರವಣಿಗೆ ಅಂದರೆ ಏನು ಅಂತ ಗೊತ್ತಾದದ್ದು 2018ರ ಆಗಸ್ಟ್‌ನಲ್ಲಿ. ಆ ವರ್ಷ ಮಕ್ಕಂದೂರು, ಹೆಮ್ಮೆತ್ತಾಳು, ಜೋಡುಪಾಲ, ಕಾಲೂರು ಕಡೆಯೆಲ್ಲ ಗುಡ್ಡ ಇಳಿದಿತ್ತು. ನಾನು ಒಂದು ಪರಿಹಾರ ಕೇಂದ್ರದಲ್ಲಿ ಅರ್ಜಿ ಬರೆದುಕೊಡುತ್ತಿದ್ದೆ. ನಮಗೆ ಪರಿಚಯದ ದೊಡ್ಡಮ್ಮ ಒಬ್ಬರು ಬಂದು ಎದುರು ಕೂತರು. ಯಾರೋ ಕೊಟ್ಟ ಸ್ವೆಟರ್ ಹಾಕಿಕೊಂಡಿದ್ದರು. ನಾನು ಜಾಸ್ತಿ ಏನೂ ಕೇಳಲಿಲ್ಲ. ಮನಸ್ಸು ತುಂಬಿ ಬಂದಿತ್ತು, ಚೆನ್ನಾಗಿ ಬರೆಯಬೇಕು ಅಂತ ಆಸೆ. “ಪ್ರಕೃತಿಯ ರುದ್ರನರ್ತನಕ್ಕೆ ಸಿಲುಕಿ ಸರ್ವಸ್ವವನ್ನೂ ಕಳೆದುಕೊಂಡು ಬೀದಿಪಾಲಾಗಿರುವ ಬಡಮಹಿಳೆಯಾದ ನಾನು” ಅಂತ ಶುರು ಮಾಡಿದೆ. ಒಂದು ಪುಟ ತುಂಬಿಸಿ ಓದಿ ಹೇಳಿದೆ.

ಅವರು ಪೂರ್ತಿ ಕೇಳಿದರು. ಆಮೇಲೆ ಕೇಳಿದರು, “ಇದು ಯಾರ ಮನೆದು ಮಗ?”

ನಿಜವಾಗಿ ಕೇಳಿದ ಪ್ರಶ್ನೆ ಅದು. ನಾನು ಬೇರೆ ಯಾರದೋ ಅರ್ಜಿ ಓದುತ್ತಿದ್ದೇನೆ ಅಂತಲೇ ಅವರು ತಿಳಿದುಕೊಂಡಿದ್ದರು.

ಆ ಹಾಳೆ ಹರಿದೆ. ಹೊಸ ಹಾಳೆ ತೆಗೆದು, ನೀವೇ ಹೇಳಿ ದೊಡ್ಡಮ್ಮ ಅಂದೆ. ಅವರು ಹೇಳುತ್ತಾ ಹೋದರು. ಗುರುವಾರ ರಾತ್ರಿ ಮಲಗಲಿಲ್ಲ. ಬೆಳಿಗ್ಗೆ ಹಾಲು ಕರೆದು ಒಳಗೆ ಇಟ್ಟು ಬಂದೆ. ಹಿಂದೆ ಮರ ಮುರಿದ ಹಾಗೆ ಸದ್ದಾಯಿತು. ಮೊದಲು ಕೊಟ್ಟಿಗೆ ಹೋಯಿತು, ಆಮೇಲೆ ಅಡುಗೆಮನೆ. ಒಂದೂವರೆ ಎಕರೆ ರೊಬಸ್ಟಾ ಕಾಫಿ. ಗಂಡ ಇದ್ದಾಗ ಹಬ್ಬಿಸಿದ ಮೆಣಸಿನ ಬಳ್ಳಿ 60. ತೋಟ ಇದ್ದ ಕಡೆ ಈಗ ಹೊಳೆ ಹರಿಯುತ್ತಿದೆ. ಹಸು ಎರಡು. ನಾನು ‘ಭೂಕುಸಿತ’ ಅಂತ ಬರೆದೆ. ಓದಿ ಹೇಳಿದಾಗ ತಡೆದರು. “ಭೂಕುಸಿತ ಅಲ್ಲ. ಮನೆ ಹಿಂದಿನ ಬರೆ ಜರಿದದ್ದು. ಬರೆ ಅಂತಲೇ ಬರಿ.” ಮನೆ ಕಟ್ಟುವಾಗ ಗುಡ್ಡ ಕಡಿದರೆ ಹಿಂದೆ ನಿಲ್ಲುತ್ತದಲ್ಲ ಮಣ್ಣಿನ ಗೋಡೆ, ನಮ್ಮ ಕಡೆ ಅದನ್ನೇ ಬರೆ ಅನ್ನುವುದು. ಅವರು ಮೂವತ್ತು ಮಳೆಗಾಲ ಅದನ್ನು ನೋಡುತ್ತಾ ಮಲಗಿದವರು. ‘ಭೂಕುಸಿತ’ದಲ್ಲಿ ಅವರ ಮನೆಯ ಹಿತ್ತಲು ಇರಲೇ ಇಲ್ಲ.

ಇದನ್ನು ಹೇಳಿದರೆ ಕೆಲವರ ಮುಖ ಬಾಡುತ್ತದೆ. “ಅದು ಸರಿ, ಆದರೆ ಅರ್ಜಿ ಸಾಹಿತ್ಯ ಅಲ್ವಲ್ಲ?” ಅಲ್ಲದಿದ್ದರೆ ಬೇಡ. ನಾನು ಆ ಜಗಳಕ್ಕೆ ಬರುವುದಿಲ್ಲ. ಒಂದು ಮಾತ್ರ ಕಂಡಿದ್ದೇನೆ. ಮೊದಲನೆಯ ಹಾಳೆಯಲ್ಲಿ ಇದ್ದದ್ದು ನನ್ನ ದುಃಖ, ನನ್ನ ಕನ್ನಡ. ಎರಡನೆಯದರಲ್ಲಿ ಅವರ ಮನೆ ಇತ್ತು. ಓದುವಾಗ ನನ್ನ ಗಂಟಲು ಕಟ್ಟಿದ್ದು ಎರಡನೆಯದಕ್ಕೆ. ಅದರಲ್ಲಿ ದುಃಖ ಅನ್ನುವ ಪದವೇ ಇರಲಿಲ್ಲ.

ಹೇಗೆ ಬರೆಯುತ್ತೀರಿ ಅಂತ ಕೇಳುವವರು, ಬರೆದದ್ದನ್ನು ಮೊದಲು ಯಾರಿಗೆ ಓದಿ ಹೇಳುತ್ತೀರಿ ಅಂತ ಒಬ್ಬರಾದರೂ ಕೇಳಬಾರದೇ? ಅದಕ್ಕೆ ನನ್ನ ಹತ್ತಿರ ಉತ್ತರ ಇದೆ. ಯಾರ ವಿಷಯವೋ ಅವರಿಗೆ. ಕೂಲಿಯವರ ಬಗ್ಗೆ ಬರೆದರೆ ತೋಟದಲ್ಲಿ ಅವರು ಇರುವ ಲೈನ್ ಮನೆಗೆ ಹೋಗಿ ಓದುತ್ತೇನೆ. ಅಲ್ಲಿ ಯಾರಾದರೂ ಆಕಳಿಸಿದರೆ ಆ ಭಾಗ ಹೊಡೆದು ಹಾಕುತ್ತೇನೆ. “ಹಾಗಲ್ಲ ಅದು” ಅಂದರೆ ಕೂತು ಕೇಳುತ್ತೇನೆ. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡುಗಳನ್ನು ಕೂಡಿಸಿ ಕನ್ನಡ ಲಿಪಿಯಲ್ಲಿ ‘ಪಟ್ಟೋಲೆ ಪಳಮೆ’ ಅಚ್ಚು ಹಾಕಿಸಿದ್ದು 1924ರಲ್ಲಿ. ಅದಕ್ಕೆ ಮುಂಚೆ ಆ ಹಾಡುಗಳಿಗೆ ಪುಸ್ತಕ ಎಲ್ಲಿತ್ತು? ದುಡಿ ಅನ್ನುವ ಸಣ್ಣ ಚರ್ಮವಾದ್ಯ ಹಿಡಿದು ಹಾಡುತ್ತಿದ್ದರು. ಎದುರಿಗೆ ಅದೇ ಊರಿನವರು, ಅದೇ ಮನೆತನದವರು ಕೂತಿರುತ್ತಿದ್ದರು. ತಪ್ಪಿದರೆ ಅಲ್ಲೇ ಗೊತ್ತಾಗುತ್ತಿತ್ತು. ಅಂಥ ಕಿವಿಗಳ ಮುಂದೆ ನಿಂತು ಉಳಿದ ಮಾತು ಅದು. ನಾವೋ, ಬಾಗಿಲು ಹಾಕಿಕೊಂಡು ಬರೆದು, ಗುರುತಿಲ್ಲದವರು ಹೊಗಳಲಿ ಅಂತ ಕಾಯುತ್ತೇವೆ.

ಅರ್ಜಿಯ ಕಥೆ ಕೇಳಿದವರು ಕೊನೆಗೆ ಕೇಳುವುದು, “ಹಾಗಾದರೆ ಹಣ ಬೇಗ ಬಂತಾ?” ಇಲ್ಲ. ಎಲ್ಲರಿಗೂ ಬಂದ ಹಾಗೇ ಬಂತು. ನನ್ನ ಸಾಲುಗಳಿಂದ ಒಂದು ರೂಪಾಯಿಯೂ ಜಾಸ್ತಿ ಆಗಲಿಲ್ಲ.

ಆದರೆ ದೊಡ್ಡಮ್ಮ ಅದರ ಜೆರಾಕ್ಸ್ ಇಟ್ಟುಕೊಂಡಿದ್ದಾರೆ. ಹೊಸ ಮನೆಯಲ್ಲಿ, ಆರ್‌ಟಿಸಿ ಇರುವ ಪ್ಲಾಸ್ಟಿಕ್ ಕವರ್‌ನಲ್ಲೇ ಅದೂ ಇದೆ. ಹೋದ ಮಳೆಗಾಲ ಹೋಗಿದ್ದಾಗ ತೆಗೆದು, ಇನ್ನೊಂದು ಸಲ ಓದು ಅಂದರು. ಓದಿದೆ. ಹಸುವಿನ ಸಾಲು ಬಂದಾಗ ಕೈ ಎತ್ತಿ ನಿಲ್ಲಿಸಿದರು.

“ಕರು ಬಿಟ್ಟುಹೋಗಿದೆ ನೋಡು. ಆವತ್ತು ಹೇಳೋಕೆ ಆಗಲಿಲ್ಲ.”

ಪೆನ್ನು ತೆಗೆದು ಅಂಚಿನಲ್ಲಿ ಬರೆದೆ. ಹೆಣ್ಣು ಕರು, ಇಪ್ಪತ್ತು ದಿನದ್ದು.